ಹಳೆಯ ಗಾಡಿ, ಹೊಸ ಗ್ಯಾರೇಜು, ಮಸುಕು ಕಾನೂನು

ಗದಗ ತಾಲೂಕಿನ ಹಿರೇಹಂದಿಗೋಳದಂಥ ಊರಿನ ನುರಿತ ಮೆಕ್ಯಾನಿಕ್ ಒಬ್ಬ ಹಳೆಯ ಕಾರು, ಮೋಟರ್‌ಸೈಕಲ್‌ಗಳಿಗೆ ಮರುಜೀವ ಕೊಡುವ, ಜೊತೆಗೆ ಎಂಜಿನ್‌ನ ಶಕ್ತಿ ಹೆಚ್ಚಿಸಿಕೊಡುವ ಸಣ್ಣ ವರ್ಕ್‌ಶಾಪ್ ತೆರೆಯಲು ಹೊರಟಿದ್ದಾನೆ ಎಂದಿಟ್ಟುಕೊಳ್ಳೋಣ. ಬಂಡವಾಳ ಹೊಂದಿಸುವುದು ಅಸಾಧ್ಯವೇನಲ್ಲ. ಮುದ್ರಾ ಯೋಜನೆಯಡಿ ಅಡಮಾನವಿಲ್ಲದೆ 10 ಲಕ್ಷ ರೂಪಾಯಿವರೆಗೆ ಸಾಲ ಪಡೆಯಲು ಅವಕಾಶವಿದೆ; ಅದನ್ನು ತೀರಿಸಿದವರಿಗೆ 2024ರಿಂದ ಮಿತಿ 20 ಲಕ್ಷ. ತೊಡಕು ಇರುವುದು ಬೇರೆಡೆ. ಆತ ಮಾಡಹೊರಟ ಕೆಲಸದಲ್ಲಿ ಎಷ್ಟು ಭಾಗ ಕಾನೂನುಬದ್ಧ ಎಂಬುದೇ ಸ್ಪಷ್ಟವಿಲ್ಲ.

ಶಕ್ತಿ ಹೆಚ್ಚಿಸುವ ಮಾತನ್ನು ಮೊದಲೇ ಮುಗಿಸಿಬಿಡಬಹುದು. ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ವಾಹನದ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ ವಿಧಿಸಿತು. ಕಿವಿಗಡಚಿಕ್ಕುವ ಸೈಲೆನ್ಸರ್‌ಗಳನ್ನು ಸಹಿಸಿ ಬೇಸತ್ತ ನಗರವಾಸಿಗಳು ಈ ಕಠಿಣತೆಯನ್ನು ಆಕ್ಷೇಪಿಸಲಾರರು. ಈ ಲೇಖಕನೂ ಆಕ್ಷೇಪಿಸುವುದಿಲ್ಲ.

ಆದರೆ ಪುನಶ್ಚೇತನದ ಕಥೆ ಬೇರೆ. 2021ರ ಜುಲೈನಲ್ಲಿ ಕೇಂದ್ರವು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ಹತ್ತು ವರ್ಷಗಳ ನೋಂದಣಿ, 'ವಿಎ' ಅಕ್ಷರಗಳುಳ್ಳ ಫಲಕ. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಯಬಹುದು. ಸ್ವಾಗತಾರ್ಹ ಕ್ರಮವೇ. ಆದರೆ ಚಾಸಿ, ಕವಚ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಸೇರಿದಂತೆ 'ಗಣನೀಯ' ಬದಲಾವಣೆ ಆಗಿರಬಾರದು ಎಂಬ ಷರತ್ತಿದೆ. ತುಕ್ಕು ತಿಂದ ತಳಹಾಳೆಯನ್ನು ಕತ್ತರಿಸಿ ಹೊಸ ತಗಡು ಬೆಸೆದರೆ ಅದು ದುರಸ್ತಿಯೋ ಮಾರ್ಪಾಡೋ? ಸವೆದ ಸಿಲಿಂಡರ್ ಅನ್ನು ಬೋರಿಂಗ್ ಮಾಡಿಸಿ ಒಂದು ಅಳತೆ ದೊಡ್ಡ ಪಿಸ್ಟನ್ ಕೂರಿಸಿದರೆ? ಐವತ್ತು ವರ್ಷ ಮಳೆ–ಬಿಸಿಲು ಕಂಡ ಗಾಡಿಗೆ ಈ ಎರಡೂ ಇಲ್ಲದೆ ಜೀವ ಬರುವುದು ಅಪರೂಪ. ಉತ್ತರವು ಆಯಾ ಅಧಿಕಾರಿಯ ವಿವೇಚನೆಗೆ ಬಿಟ್ಟದ್ದಾದರೆ, ಗ್ರಾಹಕನಿಗೆ ಮೆಕ್ಯಾನಿಕ್ ಯಾವ ಭರವಸೆ ಕೊಡಬಲ್ಲ?

ಇನ್ನೂ ದೊಡ್ಡ ಕಂದಕ ವಯಸ್ಸಿನದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ 1970ರಲ್ಲಿ ತಯಾರಾದ ಜಾವಾ ಇಂದು ಪರಂಪರೆ. 1985ರ ಯೆಜ್ಡಿ ಬರೀ ಹಳೆ ಗಾಡಿ. ಅಂಥದ್ದನ್ನು ಇಟ್ಟುಕೊಂಡವರಿಗೆ ಸಿಗುವುದು ಗೌರವವಲ್ಲ, ದುಬಾರಿ ಶುಲ್ಕ: 2025ರ ಆಗಸ್ಟ್‌ನಿಂದ 20 ವರ್ಷ ಮೀರಿದ ದ್ವಿಚಕ್ರ ವಾಹನದ ನೋಂದಣಿ ನವೀಕರಣಕ್ಕೆ 2,000, ಕಾರಿಗೆ 10,000 ರೂಪಾಯಿ. ಪ್ರೀಮಿಯರ್ ಪದ್ಮಿನಿ, ಕಾಂಟೆಸ್ಸಾ, ಆರ್‌ಎಕ್ಸ್ 100 ಎಲ್ಲವೂ ಬಹುಪಾಲು ಈ ಕಂದಕದಲ್ಲೇ ಬಿದ್ದಿವೆ. ಹೆಚ್ಚಿನ ಬೇಡಿಕೆ ಇರುವುದೂ ಇವುಗಳಿಗೇ. ಮಹಾರಾಜರ ರೋಲ್ಸ್‌ರಾಯ್ಸ್ ಹಿರೇಹಂದಿಗೋಳದ ಗ್ಯಾರೇಜಿಗೆ ಬರುವುದಿಲ್ಲ. ಅಪ್ಪ ಓಡಿಸುತ್ತಿದ್ದ ಯೆಜ್ಡಿ ಬರುತ್ತದೆ.

ಐತಿಹಾಸಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಒಪ್ಪಿರುವ ಮಿತಿ 30 ವರ್ಷ. ಜರ್ಮನಿ 1997ರಿಂದಲೂ ಇಂಥ ವಾಹನಗಳಿಗೆ ಪ್ರತ್ಯೇಕ ಫಲಕ ನೀಡುತ್ತಿದೆ. ಆ ಕಾಲದಲ್ಲೇ ರೂಢಿಯಲ್ಲಿದ್ದ ಮಾರ್ಪಾಡುಗಳನ್ನೂ ಅಲ್ಲಿ ಒಪ್ಪುತ್ತಾರೆ. ನಮ್ಮಲ್ಲೂ ಮಿತಿಯನ್ನು 30ಕ್ಕೆ ಇಳಿಸಿ, ಹೊಗೆ ಮತ್ತು ಬ್ರೇಕ್ ತಪಾಸಣೆಯನ್ನು ಬಿಗಿಗೊಳಿಸಿ, ಯಾವ ದುರಸ್ತಿ ಮಾರ್ಪಾಡಲ್ಲ ಎಂಬ ಪಟ್ಟಿಯನ್ನು ನಿಯಮದಲ್ಲೇ ಸೇರಿಸಲು ಸಂಸತ್ತಿನ ಹೊಸ ಕಾಯ್ದೆಯೇನೂ ಬೇಕಿಲ್ಲ. ಸಾರಿಗೆ ಸಚಿವಾಲಯದ ಇನ್ನೊಂದು ಅಧಿಸೂಚನೆ ಸಾಕು.