ಯಂತ್ರವೂ ಕಲೆಯೂ

ವಿದ್ಯುಚ್ಛಕ್ತಿಯಿಂದ ನಡೆಯುವ ಯಂತ್ರದ ಮೂಲಕ ಹುಟ್ಟಿದುದು ಕಲೆಯಲ್ಲವೆಂದೂ, ಕುಂಚ ಹಿಡಿಯದವನು ಕಲಾವಿದನಲ್ಲವೆಂದೂ ವಾದಿಸುವ ಪಂಡಿತರು ಇಂದಿಗೂ ಉಂಟು. ಈ ಮಾತನ್ನು ಶಿಡ್ಲಘಟ್ಟದಲ್ಲಿ ಆಡಿದರೆ ರೇಷ್ಮೆಯ ನೂಲು ಬಿಚ್ಚುವವರು ನಗುವರು. ಚರಕದಿಂದ ಬಂದುದೂ ರೇಷ್ಮೆಯೇ, ವಿದ್ಯುದ್ಯಂತ್ರದಿಂದ ಬಂದುದೂ ರೇಷ್ಮೆಯೇ. ಬೆಂದ ಗೂಡಿನಲ್ಲಿ ಎಳೆಯ ತುದಿಯನ್ನು ಕಂಡುಹಿಡಿಯುವ ಕಣ್ಣು ಮುಖ್ಯ. ಅಷ್ಟೇ ಅಲ್ಲ, 1804ರಲ್ಲಿ ಫ್ರಾನ್ಸಿನ ಜಕಾರ್ಡನು ರೇಷ್ಮೆಯ ಮಗ್ಗಕ್ಕೆ ಅಳವಡಿಸಿದ ರಂಧ್ರಪಟ್ಟಿಗಳೇ ಮುಂದೆ ಗಣಕಯಂತ್ರಕ್ಕೆ ದಾರಿ ತೋರಿದುವು.

ಕಲೆಯಲ್ಲಿಯೂ ನ್ಯಾಯವು ಇದೇ. ಬೆಂಗಳೂರಿನ ಸೃಷ್ಟಿ ಕಲಾಶಾಲೆಯಲ್ಲಿ ಬೋಧಿಸಿದ ಆಯಿಷಾ ಅಬ್ರಹಾಂ ಅವರು, ಆ ನಗರದ ಹವ್ಯಾಸಿಯೊಬ್ಬರು ಹಿಂದೆ 8 ಮಿಲಿಮೀಟರ್ ಸುರುಳಿಗಳಲ್ಲಿ ಸೆರೆಹಿಡಿದಿದ್ದ ಚಿತ್ರಗಳನ್ನು ಆಧರಿಸಿ, 2005ರಲ್ಲಿ ‘ಸ್ಟ್ರೇಟ್ 8’ ಎಂಬ ಕೃತಿಯನ್ನು ರಚಿಸಿದರು. ಯಾವ ತುಣುಕನ್ನು ಉಳಿಸಬೇಕು, ಯಾವುದರ ಪಕ್ಕದಲ್ಲಿ ಯಾವುದನ್ನು ಇರಿಸಬೇಕು ಎಂದು ನಿಶ್ಚಯಿಸಿದುದು ಯಂತ್ರವೇನು?

ವಿರೋಧಿಗಳ ಒಂದು ಮಾತು ಸತ್ಯ: ಮಿನುಗಿದುದೆಲ್ಲವೂ ಕಲೆಯಲ್ಲ. ಆದರೆ ಕೆಟ್ಟ ಚಿತ್ರಕ್ಕಾಗಿ ಕುಂಚವನ್ನು ದೂರಿದವರು ಯಾರೂ ಇಲ್ಲ.

ಈ ವಿವಾದದಲ್ಲಿ ನಷ್ಟವಾಗುವುದು ಬೇರೆಯೇ ಆಗಿದೆ. ಮನೆಯ ಪೆಟ್ಟಿಗೆಗಳಲ್ಲಿರುವ ಹಳೆಯ ಚಿತ್ರಸುರುಳಿಗಳೂ ಧ್ವನಿಮುದ್ರಿಕೆಗಳೂ ದಿನದಿನಕ್ಕೆ ಶಿಥಿಲವಾಗುವುವು. ಅವುಗಳನ್ನು ಉಳಿಸಿ ಅರ್ಥವನ್ನು ತೆಗೆಯಬಲ್ಲ ಕಲಾವಿದನನ್ನು ಯಂತ್ರದಾಸನೆಂದು ಹಳಿಯುತ್ತ ಕುಳಿತರೆ ಒಂದು ತಲೆಮಾರಿನ ನೆನಪೇ ಅಳಿದೀತು. ಸಕಾಲದಲ್ಲಿ ಬಿಚ್ಚದ ಗೂಡನ್ನು ಚಿಟ್ಟೆಯು ಕೊರೆದು ಹೊರಬರುವುದು, ಎಳೆಯು ತುಂಡುತುಂಡಾಗುವುದು. ಇದನ್ನು ಶಿಡ್ಲಘಟ್ಟದವರಿಗೆ ಹೇಳಿಕೊಡಬೇಕಾಗಿಲ್ಲ. ಪಂಡಿತರಿಗೆ ಮಾತ್ರ ಹೇಳಬೇಕಾಗಿದೆ.