ಕೆರೆಯ ತಳಕ್ಕೆ ಎಷ್ಟು ಭಾರ?

ಗೆಂಡೆ ಮೀನು ಹಿಡಿಯುವ ಇಂಗ್ಲೆಂಡಿನ ಒಂದು ವಿಧಾನ ಈಗ ಯೂಟ್ಯೂಬ್ ತೆರೆದವರ ಮನೆಗೆಲ್ಲ ಬರುತ್ತದೆ. ನೀರಿನಲ್ಲಿ ಕರಗುವ ಪಿವಿಎ ಚೀಲದೊಳಗೆ ಸೀಸದ ಗುಂಡು, ಮೂರು-ನಾಲ್ಕು ಅಂಗುಲದ ಹುರಿ, ಗಾಳ, ಸುತ್ತಲೂ ಸಣ್ಣ ಪೆಲೆಟ್ ಆಹಾರ. ಬಾಯಿ ಬಿಗಿದು ಎಸೆದರೆ ತಳಕ್ಕೆ ಹೋಗಿ ಚೀಲ ಕರಗುತ್ತದೆ. ಉಳಿಯುವುದು ಆಹಾರದ ಪುಟ್ಟ ಗುಡ್ಡೆ ಮತ್ತು ಅದರ ನಡುವೆ ಗಾಳ. ಸಾಲಿಡ್ ಬ್ಯಾಗ್ ಎಂದು ಇದರ ಹೆಸರು. ಹೈದರಾಬಾದಿನ ಕೆರೆಗಳಲ್ಲಿ ಇದನ್ನು ಮಾಡಹೊರಟವರು ಮೊದಲು ಕೇಳುವುದು ಗುಂಡು ಎಷ್ಟು ಗ್ರಾಮಿನದಿರಬೇಕು ಎಂದು. ಕೇಳಬೇಕಾದ್ದೇ. ಆದರೆ ಇಂಗ್ಲೆಂಡಿನ ಉತ್ತರ ಇಲ್ಲಿಗೆ ಹೊಂದುವುದಿಲ್ಲ.

ಈ ಗುಂಡಿಗೆ ಮೂರು ಕೆಲಸ. ಚೀಲವನ್ನು ದೂರ ಒಯ್ಯಬೇಕು, ತಳದಲ್ಲಿ ಕದಲದೆ ಕೂರಬೇಕು, ಮೀನು ಆಹಾರ ಹೀರಿ ತಲೆಯೆತ್ತಿದಾಗ ತನ್ನ ಭಾರದಿಂದಲೇ ಗಾಳವನ್ನು ತುಟಿಗೆ ಚುಚ್ಚಬೇಕು. ಮೂರನೆಯದಕ್ಕಾಗಿಯೇ ಅಲ್ಲಿನವರು 50ರಿಂದ 85 ಗ್ರಾಮಿನವರೆಗೆ ಹೋಗುವುದು. ತೀರಾ ಹಗುರವಾದರೆ ಮೀನು ಗಾಳವನ್ನು ಉಗುಳಿ ಹೊರಟುಹೋಗುತ್ತದೆ. ಗುಂಡು ಚಪ್ಪಟೆಯಾಗಿದ್ದು ಹುರಿ ಅದರ ನಡುವೆಯೇ ಹಾದುಹೋಗುವುದು ಚೀಲಕ್ಕೆ ಅನುಕೂಲ. ಹುರಿ ತುಂಡಾದರೆ ಗುಂಡು ಜಾರಿ ಕಳಚಿಕೊಳ್ಳುವಂತಿರಬೇಕು. ಇಲ್ಲವಾದರೆ ಮೀನು ಅದನ್ನು ಹೊತ್ತು ತಿರುಗಿ ಸಾಯುತ್ತದೆ. ಇದರಲ್ಲಿ ರಿಯಾಯಿತಿ ಇಲ್ಲ.

ಇಲ್ಲಿ ಎರಡು ಸಂಗತಿ ಬೇರೆ. ಒಂದು, ಮೀನು. ಈ ವಿಧಾನ ಹುಟ್ಟಿದ್ದು ತಳ ಕೆದಕಿ ತಿನ್ನುವ ಸಾಮಾನ್ಯ ಗೆಂಡೆಗಾಗಿ. ಅದು ಭಾರತದ ಮೂಲ ಮೀನಲ್ಲ, 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತಂದದ್ದು. ಇಲ್ಲಿನ ಗಾಳದವರು ಕನಸು ಕಾಣುವುದು ಕಾಟ್ಲಾದ್ದು, ತೆಲುಗಿನ ಬೊಚ್ಚೆಯದ್ದು. ಅದರ ಬಾಯಿ ಮೇಲ್ಮುಖ, ಮೇಯುವುದು ಮೇಲಿನ ನೀರಿನಲ್ಲಿ. ಅದಕ್ಕಾಗಿ ತಳದಲ್ಲಿ 80 ಗ್ರಾಂ ಸೀಸ ಕೂರಿಸುವುದು ಮಹಡಿಯಲ್ಲಿರುವವನಿಗೆ ನೆಲಮಾಳಿಗೆಯಲ್ಲಿ ಎಲೆ ಹಾಕಿದಂತೆ. ಗೆಂಡೆ ಅಥವಾ ಮೃಗಾಲ್ ಬೇಕಿದ್ದರೆ ಮಾತ್ರ ಈ ಚೀಲ. ಬೊಚ್ಚೆಗೆ ಹಳೆಯ ಬೆಂಡೇ ಮೇಲು. (ಬೆಂಡು, ಗಾಳ ಎರಡೂ ತೆಲುಗಿನಲ್ಲೂ ಹೆಚ್ಚುಕಡಿಮೆ ಇವೇ ಪದಗಳು. ಕೆರೆ ದಂಡೆಯಲ್ಲಿ ಕನ್ನಡಿಗನಿಗೆ ದುಭಾಷಿ ಬೇಕಾಗುವುದಿಲ್ಲ.)

ಎರಡು, ತಳ. ಹುಸೇನ್ ಸಾಗರ 16ನೇ ಶತಮಾನದ್ದು. 1908ರ ಮೂಸಿ ಪ್ರವಾಹದ ನಂತರ ಕಟ್ಟಿದ ಉಸ್ಮಾನ್ ಸಾಗರಕ್ಕೂ ಹಿಮಾಯತ್ ಸಾಗರಕ್ಕೂ ನೂರರ ಆಸುಪಾಸು. ಹಳೆಯ ಕೆರೆಯೆಂದರೆ ಹೂಳು. ಹೂಳಿನ ಮೇಲೆ ಭಾರದ ಗುಂಡು ಬಿದ್ದರೆ ಅದು ಮುಳುಗುವುದಷ್ಟೇ ಅಲ್ಲ, ಮೂರಂಗುಲದ ಹುರಿಯನ್ನೂ ಗಾಳವನ್ನೂ ಜೊತೆಗೆ ಎಳೆದೊಯ್ಯುತ್ತದೆ. ಅಂಥಲ್ಲಿ 40-50 ಗ್ರಾಮಿನ ಚಪ್ಪಟೆ ಗುಂಡು ಸಾಕು. ಬಂಡೆಕಲ್ಲಿನ ಊರಾದ್ದರಿಂದ ಗಟ್ಟಿ ತಳವೂ ಸಿಗುತ್ತದೆ, ಅಲ್ಲಿ ಭಾರ ಹೆಚ್ಚಿಸಬಹುದು. ತಿಳಿಯುವುದು ಸುಲಭ: ಬರೀ ಗುಂಡನ್ನು ಎಸೆದು ನಿಧಾನವಾಗಿ ಎಳೆಯುವುದು. ಹೂಳಾದರೆ ಮೊಸರಿನಲ್ಲಿ ಚಮಚ ಎಳೆದ ಹಾಗೆ ಬರುತ್ತದೆ. ಗರಸಾದರೆ ಕೋಲಿನ ತುದಿಯವರೆಗೆ ಟಕಟಕ ಎನ್ನುತ್ತದೆ. ಮಳೆಗಾಲದಲ್ಲಿ ಒದ್ದೆ ಬೆರಳು ತಾಗಿದರೂ ಚೀಲ ಕೈಯಲ್ಲೇ ಅಂಟಾಗುತ್ತದೆ. ಒಣ ಡಬ್ಬಿಯೊಂದು ಇರಲಿ.

ಇನ್ನು ಸೀಸದ ಮಾತು. ಬ್ರಿಟನ್ 1987ರಿಂದ 0.06 ಗ್ರಾಮಿನಿಂದ 28.35 ಗ್ರಾಮಿನವರೆಗಿನ ಸೀಸದ ಗುಂಡುಗಳನ್ನು ನಿಷೇಧಿಸಿತು. ಹಂಸಗಳು ಕಲ್ಲುಹರಳೆಂದು ಅವನ್ನು ನುಂಗಿ ಸಾಯುತ್ತಿದ್ದವು. ಗೆಂಡೆ ಬೇಟೆಯ ದೊಡ್ಡ ಗುಂಡುಗಳು ಆ ಮಿತಿಯ ಹೊರಗಿದ್ದುದರಿಂದ ಉಳಿದುಕೊಂಡವು. ಅಲ್ಲಿ ಉಳಿದಿವೆ ಎಂಬುದೇ ಇಲ್ಲಿ ನಿರಪಾಯದ ಪ್ರಮಾಣಪತ್ರವಾಗಬಾರದು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕುಡಿಯುವ ನೀರಿಗಾಗಿಯೂ ಕಟ್ಟಿದ ಜಲಾಶಯಗಳು. ಕುಡಿಯುವ ನೀರಿನಲ್ಲಿ ಸೀಸಕ್ಕೆ ಭಾರತೀಯ ಮಾನಕ ಕೊಟ್ಟಿರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಹಾಗೆಂದು ನಾಲ್ಕು ಗುಂಡು ಬಿದ್ದ ಮಾತ್ರಕ್ಕೆ ಊರು ವಿಷವಾಗುತ್ತದೆ ಎನ್ನುವುದು ಅತಿ. ಗಟ್ಟಿ ಸೀಸ ನೀರಿನಲ್ಲಿ ಕರಗುವುದು ಬಲು ನಿಧಾನ.

ನಿಜವಾದ ಅಪಾಯ ದಂಡೆಯ ಮೇಲಿದೆ, ಮನೆಯಲ್ಲಿದೆ. ಸೀಸ 327 ಡಿಗ್ರಿಗೆ ಕರಗುತ್ತದೆ, ಅಡುಗೆ ಒಲೆಯೇ ಸಾಕು. ಹಳೆಯ ಬ್ಯಾಟರಿಯ ಸೀಸವನ್ನು ಮನೆಯಲ್ಲೇ ಎರಕ ಹೊಯ್ದರೆ ಅದರ ಹೊಗೆ-ಧೂಳು ಮಕ್ಕಳ ಉಸಿರಿಗೆ ಸೇರುತ್ತದೆ. ಮಕ್ಕಳ ಮಿದುಳಿಗೆ ಸೀಸದ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ. ಸಣ್ಣ ಗುಂಡನ್ನು ಹಲ್ಲಿನಿಂದ ಕಚ್ಚಿ ಹುರಿಗೆ ಒತ್ತುವುದು, ಅದೇ ಕೈಯಲ್ಲಿ ಸಮೋಸ ತಿನ್ನುವುದು ಬೇರೆ. ಕನ್ನಡದಲ್ಲಿ ಸೀಸಕ್ಕೂ ಸೀಸೆಗೂ ಒಂದು ಎಕಾರದ ಅಂತರ. ಮನೆಯ ಕಪಾಟಿನಲ್ಲಿ ಅಂತರ ಅದಕ್ಕಿಂತ ಹೆಚ್ಚಿರಲಿ.

ಬದಲಿ ಇದೆಯೇ? ಇದೆ, ನಟ್ಟು-ಬೋಲ್ಟಿನ ಅಂಗಡಿಯಲ್ಲಿ. 20 ಮಿಲಿಮೀಟರಿನ ಬೋಲ್ಟಿನ ಉಕ್ಕಿನ ನಟ್ಟೊಂದು ಸುಮಾರು 60 ಗ್ರಾಂ ತೂಗುತ್ತದೆ. ಚಪ್ಪಟೆಯಾಗಿದೆ, ನಡುವೆ ತೂತೂ ಇದೆ. ತೂತಿಗೆ ರಬ್ಬರ್ ಬಿರಡೆ ತುಂಬಿ, ಅದರ ನಡುವೆ ಖಾಲಿ ರೀಫಿಲ್ಲಿನ ತುಂಡು ತೂರಿಸಿದರೆ ಹುರಿ ಸವೆಯುವುದಿಲ್ಲ. ಅಷ್ಟೇ ಭಾರದ ಉಕ್ಕು ಸೀಸಕ್ಕಿಂತ ಒಂದೂವರೆ ಪಟ್ಟಿಗೂ ಕಡಿಮೆ ಜಾಗ ಬೇಡುತ್ತದೆ, ಚೀಲದಲ್ಲಿ ಹಿಡಿಯುತ್ತದೆ. ಹೂಳಿನ ಮೇಲಂತೂ ಅಗಲ ಹೆಚ್ಚಾದಷ್ಟೂ ಒಳ್ಳೆಯದು. ಕಲ್ಲಾದರೆ ನಾಲ್ಕು ಪಟ್ಟು ಜಾಗ, ಆಹಾರಕ್ಕೇ ಸ್ಥಳ ಉಳಿಯದು. ಬಹಳ ದೂರ ಎಸೆಯಬೇಕಾದವರಿಗೆ ಉಕ್ಕು ಸ್ವಲ್ಪ ಸೋಲುತ್ತದೆ, ಒಪ್ಪಬೇಕಾದ ಮಾತು.

ಬಲೆಯವರದೇ ಹೆಚ್ಚು ಸೀಸವಲ್ಲವೇ ಎಂಬ ವಾದ ಇದ್ದೇ ಇದೆ. ಬೀಸುಬಲೆಯ ಅಂಚಿನ ಮಣಿಗಳು ಹವ್ಯಾಸಿಯ ಇಡೀ ಪೆಟ್ಟಿಗೆಗಿಂತ ಭಾರವಿರಬಹುದು. ಆದರೆ ಬಲೆ ಸಂಜೆಗೆ ಮನೆಗೆ ಬರುತ್ತದೆ, ಅದು ಅವರ ಅನ್ನ. ತಳದಲ್ಲಿ ಉಳಿಯುವುದು ತುಂಡಾದ ಹುರಿಯ ಗುಂಡು, ಕಳೆಗಿಡ ಕಂಡಲ್ಲಿ ಬೇಕೆಂದೇ ಕಳಚಿಬಿಡುವ ಗುಂಡು. ಭಾನುವಾರದ ಗಾಳದವನಿಗೆ ನಟ್ಟು ಕೊಳ್ಳಲು ಅಡ್ಡಿಯೇನೂ ಇಲ್ಲ.