ಕಷ್ಟದ ವಿಷಯ ಕನ್ನಡದಲ್ಲಿ ಹೇಳೋಕಾಗಲ್ವಾ?

ಕಳೆದ ತಿಂಗಳು ಹಾಸ್ಟೆಲ್‌ನಲ್ಲಿ ಒಬ್ಬ ಜೂನಿಯರ್ ನನ್ನ ರೂಮಿಗೆ ಬಂದ. "ಅಣ್ಣಾ, ಡಯೋಡ್ ಹೇಗೆ ಕೆಲಸ ಮಾಡುತ್ತೆ ಅಂತ ಕನ್ನಡದಲ್ಲಿ ಹೇಳ್ತೀರಾ?" ಅಂದ. ಹತ್ತನೇ ಕ್ಲಾಸ್‌ವರೆಗೆ ಅವನದು ಕನ್ನಡ ಮೀಡಿಯಂ. ನಾನು ಶುರು ಮಾಡಿದೆ, ಎರಡನೇ ವಾಕ್ಯಕ್ಕೇ ಇಂಗ್ಲಿಷ್‌ಗೆ ಜಾರಿದೆ. ಅವನು ಸುಮ್ಮನೆ ತಲೆಯಾಡಿಸಿ ಹೋದ. ಇಂಟರ್ನಲ್ಸ್‌ನಲ್ಲಿ ಆ ಪ್ರಶ್ನೆ ಬಿಟ್ಟು ಬಂದನಂತೆ.

ಮನೆಯಲ್ಲಿ ಮಾತಾಡೋದು ಕನ್ನಡವೇ. ಆದರೂ ಓದಿದ್ದನ್ನು ಕನ್ನಡದಲ್ಲಿ ಹೇಳೋಕೆ ನನಗೆ ಬರಲಿಲ್ಲ. "ಟೆಕ್ನಿಕಲ್ ವಿಷಯಕ್ಕೆಲ್ಲ ಕನ್ನಡ ಆಗಲ್ಲ ಬಿಡು" ಅಂತ ಸಮಾಧಾನ ಮಾಡಿಕೊಂಡೆ.

ಆಮೇಲೆ ಇಂಡೋನೇಷ್ಯಾದ ಇತಿಹಾಸ ಓದುವಾಗ ಹಮ್ಜಾ ಫನ್ಸೂರಿ ಎಂಬ ಹೆಸರು ಸಿಕ್ಕಿತು. 16ನೇ ಶತಮಾನದ ಸೂಫಿ ಕವಿ, ವಿದ್ವಾಂಸ. ಫನ್ಸೂರ್ ಅಂದರೆ ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರುಸ್, ಕರ್ಪೂರಕ್ಕೆ ಹೆಸರಾದ ಬಂದರು. ನಮ್ಮ ಐಹೊಳೆಯ ಹೆಸರಿನೊಂದಿಗೆ ಗುರುತಿಸಿಕೊಂಡ ಐನೂರ್ವರು ವರ್ತಕ ಸಂಘದ 1088ರ ತಮಿಳು ಶಾಸನವೊಂದು ಅಲ್ಲೇ ಸಿಕ್ಕಿದೆ!

ಹಮ್ಜಾಗೆ ಅರಬ್ಬಿ, ಪಾರ್ಸಿ ಎರಡೂ ಚೆನ್ನಾಗಿ ಬರುತ್ತಿತ್ತು. ಆ ಕಾಲದಲ್ಲಿ ದೊಡ್ಡ ವಿದ್ಯೆಯೆಲ್ಲ ಆ ಭಾಷೆಗಳಲ್ಲೇ ಇತ್ತು. ಆದರೂ ಅವರು ಮಲಯ್‌ನಲ್ಲಿ ಬರೆದರು. ಅರಬ್ಬಿ, ಪಾರ್ಸಿ ಗೊತ್ತಿಲ್ಲದವರಿಗೂ ಅರ್ಥವಾಗಲಿ ಅಂತ ಕಾರಣವನ್ನೂ ತಮ್ಮ ಪುಸ್ತಕದಲ್ಲೇ ಹೇಳಿದ್ದಾರೆ. ಅವರು ಹೇಳಹೊರಟಿದ್ದು ಸುಲಭದ್ದಲ್ಲ: ಇರುವುದೆಲ್ಲ ಒಂದೇ ಇರವಿನ ರೂಪ ಎಂಬ ತತ್ವ. ಅದಕ್ಕೆ ಅವರು ಹಿಡಿದದ್ದು ಕಡಲು ಮತ್ತು ಅಲೆಯ ಹೋಲಿಕೆ. ಬಂದರಿನ ಜನಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಾ? ಅರಬ್ಬಿ ಪದ ಬೇಕಾದ ಕಡೆ ಸಂಕೋಚವಿಲ್ಲದೆ ಬಳಸಿದರು.

ಅವರು ತೀರಿಕೊಂಡ ಮೇಲೆ, 1637ರಲ್ಲಿ, ಗುಜರಾತಿನ ರಾಂದೇರ್ ಮೂಲದ ನೂರುದ್ದೀನ್ ರಾನಿರಿ ಎಂಬ ವಿದ್ವಾಂಸರು ಆಚೆಗೆ ಬಂದರು. ಹಮ್ಜಾ ಹೇಳಿದ್ದು ಧರ್ಮಕ್ಕೆ ವಿರುದ್ಧ ಅಂದರು. ಸುಲ್ತಾನ ಇಸ್ಕಂದರ್ ಥಾನಿಯ ಬೆಂಬಲವೂ ಸಿಕ್ಕಿತು. ಮಸೀದಿಯ ಮುಂದೆ ಹಮ್ಜಾ ಪುಸ್ತಕಗಳನ್ನು ಸುಟ್ಟರು. ಆದರೆ ಗಮನಿಸಿ, ಹಮ್ಜಾ ವಿರುದ್ಧ ವಾದ ಮಾಡೋಕೆ ರಾನಿರಿಯೂ ಮಲಯ್‌ನಲ್ಲೇ ಬರೆಯಬೇಕಾಯಿತು! ತತ್ವದ ಜಗಳದಲ್ಲಿ ಯಾರು ಸರಿ ಅಂತ ಹೇಳೋಕೆ ನಾನು ಯಾರೂ ಅಲ್ಲ. ಭಾಷೆ ಮಾತ್ರ ಗೆದ್ದಿತ್ತು.

ನನ್ನ ವಾದ ಇಷ್ಟೇ. ಮೊದಲು ಭಾಷೆ ತಯಾರಾಗಲಿ, ಆಮೇಲೆ ಬರೆಯೋಣ ಅಂತ ಹಮ್ಜಾ ಕಾಯಲಿಲ್ಲ. ಬರೆಯುತ್ತಾ ಬರೆಯುತ್ತಾ ಭಾಷೆ ತಯಾರಾಯಿತು. ನಮ್ಮ ಕ್ಲಬ್‌ನಲ್ಲಿ ನವೆಂಬರ್ ಬಂದರೆ ಬಾವುಟ, ಹಾಡು, ಡ್ಯಾನ್ಸ್ ಎಲ್ಲ ಇರುತ್ತೆ. ಇರಲಿ, ನಾನೂ ಕುಣೀತೀನಿ. ಜೊತೆಗೆ ಫಸ್ಟ್ ಇಯರ್‌ನ ಒಂದೊಂದು ಯೂನಿಟ್‌ಗೆ ಒಂದೊಂದು ಪುಟ ಕನ್ನಡ ವಿವರಣೆ ಯಾಕೆ ಬರೆಯಬಾರದು? ಡಯೋಡ್ ಡಯೋಡ್ ಆಗಿಯೇ ಇರಲಿ, ವೋಲ್ಟೇಜ್ ವೋಲ್ಟೇಜೇ. ಸುತ್ತಲಿನ ವಾಕ್ಯ ಕನ್ನಡದ್ದಾದರೆ ಸಾಕು.

ಮೊದಲ ಪುಟ ನಾನು ಬರೆದಿದ್ದೀನಿ. ನಾಲ್ಕು ಸಲ ಹರಿದು ಹಾಕಿ ಬರೆದದ್ದು. ನಿನ್ನೆ ಆ ಜೂನಿಯರ್‌ಗೆ ಕೊಟ್ಟೆ. ಓದಿ, "ಅಣ್ಣಾ, ಮೂರನೇ ಸಾಲು ಅರ್ಥ ಆಗ್ಲಿಲ್ಲ" ಅಂದ. ತಿದ್ದುತ್ತಾ ಇದ್ದೀನಿ. ಎರಡನೇ ಪುಟ ಯಾರು ಬರೀತೀರಾ?